ಖಾಸಗಿ ಕ್ಲಿನಿಕ್‌ಗಳ ಆನ್‌ಲೈನ್ ಡೈರೆಕ್ಟರಿ: ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಸವಾಲುಗಳು (ಮುಖ್ಯಾಂಶಗಳು)

ವಿಷಯದ ತಿರುಳು

ಹತ್ತಿರದ ವೈದ್ಯರ ಹೆಸರು, ಓದು, ವಿಳಾಸ, ಕೂರುವ ಹೊತ್ತು, ಫೀಸು ಇಷ್ಟನ್ನೂ ರೋಗಿಗೆ ಒಂದೇ ಕಡೆ ತಿಳಿಸುವ ತಾಣವೇ ಕ್ಲಿನಿಕ್ ಡೈರೆಕ್ಟರಿ. ಜಾಲತಾಣ ಕಟ್ಟುವುದು ಇದರಲ್ಲಿ ಸುಲಭದ ಪಾಲು. ಪಟ್ಟಿಯಲ್ಲಿರುವವರು ನಿಜಕ್ಕೂ ನೋಂದಾಯಿತ ವೈದ್ಯರೇ, ಇವತ್ತು ಸಂಜೆ ಆ ಬಾಗಿಲು ತೆರೆದಿರುತ್ತದೆಯೇ ಎಂದು ಖಾತರಿ ಕೊಡುವುದು ಕಷ್ಟ. ಜ್ವರದ ಮಗುವನ್ನು ಎತ್ತಿಕೊಂಡು ಆಟೋ ಹತ್ತಿದ ತಾಯಿಗೆ ತಪ್ಪು ವೇಳೆ ತೋರಿಸಿದ ಪಟ್ಟಿಗಿಂತ ಪಟ್ಟಿಯೇ ಇಲ್ಲದಿರುವುದು ಮೇಲು. ಉತ್ತರ ಬರೆಯುವವರು ತಂತ್ರಜ್ಞಾನದಿಂದ ಆರಂಭಿಸದೆ ನೋಂದಣಿಯಿಂದ ಆರಂಭಿಸಬೇಕು. ಕಾನೂನು, ಖಾಸಗಿತನ, ಹಣ, ಭಾಷೆ ಎಲ್ಲವೂ ಅಲ್ಲಿಂದಲೇ ಕವಲೊಡೆಯುತ್ತವೆ.

ಪ್ರದೇಶದ ಹಿನ್ನೆಲೆ

- 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪಿಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡು ಎರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ.
- ಶಿವಾಜಿನಗರದ ಹಳೆಯ ಹೆಸರು ಬ್ಲ್ಯಾಕ್‌ಪಲ್ಲಿ. ಇಲ್ಲಿನ ಬೌರಿಂಗ್ ಆಸ್ಪತ್ರೆಗೆ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿದೆ. ಸುತ್ತಲಿನ ಬೀದಿಗಳಲ್ಲಿ ಸಣ್ಣ ಕ್ಲಿನಿಕ್, ಲ್ಯಾಬ್, ಔಷಧ ಅಂಗಡಿಗಳು ಒತ್ತೊತ್ತಾಗಿವೆ.
- ಇಂದಿರಾನಗರದ ಸಿಎಂಎಚ್ ರಸ್ತೆಗೆ ಹೆಸರು ಬಂದದ್ದೇ ಚಿನ್ಮಯ ಮಿಷನ್ ಆಸ್ಪತ್ರೆಯಿಂದ. ಅದೇ ಬಡಾವಣೆಯಲ್ಲಿ ಸರ್ಕಾರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯಿದೆ.
- ಕೆ.ಆರ್. ಪುರ 2007ರವರೆಗೆ ಪ್ರತ್ಯೇಕ ನಗರಸಭೆ. ಆ ವರ್ಷ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚನೆಯಾಯಿತು.
- 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 5 ನಗರಪಾಲಿಕೆಗಳು. ಶಿವಾಜಿನಗರ ಕೇಂದ್ರ ಪಾಲಿಕೆಗೂ ಕೆ.ಆರ್. ಪುರ ಪೂರ್ವ ಪಾಲಿಕೆಗೂ ಸೇರಿವೆ. ಹೀಗಾಗಿ ಒಂದೇ ಡೈರೆಕ್ಟರಿ ಎರಡು ಸ್ಥಳೀಯ ಆಡಳಿತಗಳ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕು.

ವಿಳಾಸ ಎಂಬ ಮೊದಲ ತೊಡಕು

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಈ ನಾಲ್ಕು ಕಡೆಗಳಲ್ಲಿ ವಿಳಾಸದ ವ್ಯವಸ್ಥೆಯೇ ಬೇರೆಬೇರೆ. ಶಿವಾಜಿನಗರದಲ್ಲಿ ಬ್ರಿಟಿಷ್ ಕಾಲದ ಬೀದಿ ಹೆಸರು, ಈಗಿನ ಹೆಸರು, ಜನರ ಬಾಯಲ್ಲಿರುವ ಹೆಸರು ಮೂರೂ ಚಾಲ್ತಿಯಲ್ಲಿವೆ. ಹಲಸೂರನ್ನು ಅಲಸೂರು ಎಂದೂ ಬರೆಯುತ್ತಾರೆ. ಇಂಗ್ಲಿಷ್ ಕಾಗುಣಿತವಂತೂ ಇನ್ನೂ ಬೇರೆ. ಇಂದಿರಾನಗರದ ಕಡೆ 1ನೇ ಹಂತ, 2ನೇ ಹಂತ, ಎಚ್‌ಎಎಲ್ 2ನೇ ಹಂತ, 3ನೇ ಹಂತ ಎಂದು ವಿಂಗಡಣೆಯಿದ್ದು, ಒಂದು ಹಂತದ ಮೇನ್ ಮತ್ತು ಕ್ರಾಸ್ ಸಂಖ್ಯೆಗಳೇ ಇನ್ನೊಂದರಲ್ಲೂ ಬರುತ್ತವೆ. ಹಂತ ಹೇಳದೆ "12ನೇ ಮೇನ್" ಎಂದಷ್ಟೇ ಬರೆದರೆ ಆ ವಿಳಾಸ ಪೂರ್ಣವಾಗುವುದಿಲ್ಲ.

ಪಿನ್‌ಕೋಡ್ ನಂಬಿ ವಿಂಗಡಿಸಿದರೂ ಎಡವುತ್ತೇವೆ. ಇಂದಿರಾನಗರದ್ದು 560038, ಹಲಸೂರಿನದು 560008, ಕೆ.ಆರ್. ಪುರದ್ದು 560036. ಆದರೆ ಎಚ್‌ಎಎಲ್ 2ನೇ ಹಂತದ ಅಂಚೆಯೂ 560008. ಜನರ ಲೆಕ್ಕದಲ್ಲಿ ಇಂದಿರಾನಗರದಲ್ಲೇ ಇರುವ ಕ್ಲಿನಿಕ್ ಹೀಗೆ ಹಲಸೂರಿನ ಪಟ್ಟಿಗೆ ಜಾರುತ್ತದೆ. ರೋಗಿ ಎರಡನ್ನೂ ಹುಡುಕುವುದಿಲ್ಲ, ತನಗೆ ಗೊತ್ತಿರುವ ಹೆಸರನ್ನೇ ಹುಡುಕುತ್ತಾನೆ.

ಕೆ.ಆರ್. ಪುರದ ಕಡೆ ತೊಡಕು ಇನ್ನೊಂದು ಬಗೆಯದು. ದೇವಸಂದ್ರ, ಬಸವನಪುರ, ಭಟ್ಟರಹಳ್ಳಿ, ಟಿ.ಸಿ. ಪಾಳ್ಯ ಮೊದಲಾದವು ಹಳ್ಳಿಗಳಾಗಿದ್ದು ನಗರದೊಳಗೆ ಬಂದವು. ಕಂದಾಯ ಬಡಾವಣೆಗಳಲ್ಲಿ ಸರ್ವೆ ನಂಬರು, ಖಾತೆ ನಂಬರು, ಮನೆ ನಂಬರು ಒಂದಕ್ಕೊಂದು ಹೊಂದುವುದಿಲ್ಲ. ಜನ ದಾರಿ ಹೇಳುವುದು ಬಸ್ ನಿಲ್ದಾಣ, ದೇವಸ್ಥಾನ, ಬ್ಯಾಂಕು ನೋಡಿಕೊಂಡು. ಆದ್ದರಿಂದ ಅಕ್ಷಾಂಶ-ರೇಖಾಂಶ, ಗುರುತಿನ ಜಾಗ, ಸ್ಥಳೀಯ ಹೆಸರು ಮೂರನ್ನೂ ಸೇರಿಸಿ ಬರೆದ ವಿಳಾಸ ಮಾತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ದೂರದ ಲೆಕ್ಕವನ್ನೂ ಮರೆಯುವಂತಿಲ್ಲ. ನಮ್ಮ ಮೆಟ್ರೊದ ಮೊದಲ ಭಾಗ (ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ) 2011ರ ಅಕ್ಟೋಬರ್ 20ರಂದು ಆರಂಭವಾದಾಗ ಇಂದಿರಾನಗರ ಮತ್ತು ಹಲಸೂರಿಗೆ ನಿಲ್ದಾಣ ಸಿಕ್ಕಿತು. ಕೆ.ಆರ್. ಪುರ–ವೈಟ್‌ಫೀಲ್ಡ್ ಮಾರ್ಗ 2023ರ ಮಾರ್ಚ್‌ನಲ್ಲಿ, ನಡುವಿನ ಬೈಯಪ್ಪನಹಳ್ಳಿ–ಕೆ.ಆರ್. ಪುರ ಕೊಂಡಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೆರೆದವು. ಕೆ.ಆರ್. ಪುರದ ತೂಗುಸೇತುವೆಯ ಬಳಿಯ ದಟ್ಟಣೆ ಬಲ್ಲವರಿಗೆ ಇದರ ಅರ್ಥ ಗೊತ್ತು: ಕಿಲೋಮೀಟರಿನಲ್ಲಿ ಹತ್ತಿರವಿರುವ ಕ್ಲಿನಿಕ್‌ಗಿಂತ ಮೆಟ್ರೊ ನಿಲ್ದಾಣದ ಪಕ್ಕದ ಕ್ಲಿನಿಕ್ಕೇ ಬೇಗ ಸಿಗಬಹುದು.

ಕಾನೂನಿನ ಬುನಾದಿ: ಕೆಪಿಎಂಇ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಈ ವಿಷಯದ ಬೆನ್ನೆಲುಬು. 1976ರ ಖಾಸಗಿ ನರ್ಸಿಂಗ್ ಹೋಮ್ ಕಾಯ್ದೆಯ ಜಾಗಕ್ಕೆ ಇದು ಬಂತು, ನಿಯಮಗಳು 2009ರವು. ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಕರ್ನಾಟಕದಲ್ಲಿ ಜಾರಿಯಲ್ಲಿಲ್ಲ, ರಾಜ್ಯಕ್ಕೆ ತನ್ನದೇ ಕಾಯ್ದೆ ಇರುವುದೇ ಕಾರಣ. ಬಹು ಆಯ್ಕೆ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಅಂಶ.

- ಒಬ್ಬ ವೈದ್ಯರ ಸಣ್ಣ ಕ್ಲಿನಿಕ್‌ನಿಂದ ದೊಡ್ಡ ಆಸ್ಪತ್ರೆ, ಲ್ಯಾಬ್‌ವರೆಗೆ ಎಲ್ಲದಕ್ಕೂ ನೋಂದಣಿ ಕಡ್ಡಾಯ. ಪ್ರಮಾಣಪತ್ರದ ಅವಧಿ 5 ವರ್ಷ.
- ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಇದು 2017ರ ತಿದ್ದುಪಡಿಯ ಫಲ. ರೋಗಿಗಳ ಸನ್ನದು ಕೂಡ ಆಗಲೇ ಸೇರಿತು.
- ಶುಲ್ಕದ ಪಟ್ಟಿಯನ್ನು ರೋಗಿಗೆ ಕಾಣುವಂತೆ ಪ್ರದರ್ಶಿಸಬೇಕು.
- 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೂ ನಿಗದಿ ಮಾಡಿತು: ಅಲೋಪಥಿಗೆ ತಿಳಿ ನೀಲಿ, ಆಯುರ್ವೇದಕ್ಕೆ ಹಸಿರು. ಬೋರ್ಡಿನಲ್ಲಿ ಕೆಪಿಎಂಇ ಸಂಖ್ಯೆ ಇರಬೇಕು. ನಕಲಿ ವೈದ್ಯರನ್ನು ಜನರೇ ಗುರುತಿಸಲಿ ಎಂಬುದು ಉದ್ದೇಶ.

2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಆಗ ಸಿದ್ದರಾಮಯ್ಯ ಮುಖ್ಯಮಂತ್ರಿ, ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರು. ಕರಡಿನ ಕೆಲವು ಕಠಿಣ ಅಂಶಗಳನ್ನು ಸಡಿಲಿಸಿದ ಮೇಲೆ ಮಸೂದೆ ಅಂಗೀಕಾರವಾಯಿತು. ಫೀಸು, ದೂರು, ಅಂಕ ಎಂಬ ಮಾತು ಬಂದರೆ ಸಣ್ಣ ಕ್ಲಿನಿಕ್‌ನ ವೈದ್ಯರು ಯಾಕೆ ಬಿಗಿಯಾಗುತ್ತಾರೆ ಎಂದು ತಿಳಿಯಲು ಈ ಹಿನ್ನೆಲೆ ಬೇಕು. ಹೊಸ ಡೈರೆಕ್ಟರಿಯವರು ಬಾಗಿಲು ತಟ್ಟಿದಾಗ ವೈದ್ಯರಿಗೆ ಇನ್ನೊಂದು ತಪಾಸಣೆ ಬಂದಂತೆ ಅನ್ನಿಸುವುದು ಸಹಜ.

ಯಾರ ಹೆಸರು ಯಾವ ದಾಖಲೆಯಲ್ಲಿ?

ಕೆಪಿಎಂಇ ನೋಂದಣಿ ಜಾಗಕ್ಕೆ; ವೈದ್ಯರ ನೋಂದಣಿ ವ್ಯಕ್ತಿಗೆ. ಎರಡನ್ನೂ ತಾಳೆ ನೋಡಬೇಕು.

ಎಂಬಿಬಿಎಸ್ ಮತ್ತು ಅದರ ಮೇಲಿನ ಓದಿನವರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು (1961ರ ಕಾಯ್ದೆ, ಕಚೇರಿ ವಸಂತನಗರದ ಮಿಲ್ಲರ್ ಟ್ಯಾಂಕ್ ಬೆಡ್ ಪ್ರದೇಶದಲ್ಲಿ, ದಂಡು ರೈಲು ನಿಲ್ದಾಣಕ್ಕೆ ಹತ್ತಿರ). ಆಯುರ್ವೇದ, ಯುನಾನಿಯವರಿಗೆ ರಾಜ್ಯದ ಪ್ರತ್ಯೇಕ ಮಂಡಳಿ, ಅದೂ 1961ರ ಕಾಯ್ದೆಯಡಿ. ಹೋಮಿಯೋಪಥಿಗೆ ಬೇರೆ ಮಂಡಳಿ. ದಂತವೈದ್ಯರಿಗೆ ರಾಜ್ಯ ದಂತವೈದ್ಯಕೀಯ ಪರಿಷತ್ತು. ಫಿಸಿಯೋಥೆರಪಿಯಂಥ ಸಹವೈದ್ಯಕೀಯ ವೃತ್ತಿಗಳಿಗೆ 2021ರ ರಾಷ್ಟ್ರೀಯ ಕಾಯ್ದೆ. ಯುನಾನಿ ದವಾಖಾನೆ, ದಂತ ಕ್ಲಿನಿಕ್, ಮಕ್ಕಳ ವೈದ್ಯರು ಒಂದೇ ಕಟ್ಟಡದಲ್ಲಿದ್ದರೆ ಮೂರು ದಾಖಲೆಗಳನ್ನು ತೆರೆದು ನೋಡಬೇಕು. ಶಿವಾಜಿನಗರದಲ್ಲಿ ಇದೇನೂ ಅಪರೂಪವಲ್ಲ.

ಈ ಗಡಿಗಳು ಯಾಕೆ ಮುಖ್ಯ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2 ತೀರ್ಪುಗಳು ಸಾಕು. ಪೂನಂ ವರ್ಮಾ ಪ್ರಕರಣ (1996): ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಟ್ಟರೆ ಅದು ನಿರ್ಲಕ್ಷ್ಯ. ಮುಖ್ತಿಯಾರ್ ಚಂದ್ ಪ್ರಕರಣ (1998): ಬೇರೆ ಪದ್ಧತಿಯವರು ಅಲೋಪಥಿ ಮಾಡಲು ರಾಜ್ಯದ ಕಾನೂನಿನ ಅನುಮತಿ ಬೇಕು. "ಡಾಕ್ಟರ್" ಎಂಬ ಒಂದೇ ತಲೆಬರಹದಡಿ ಎಲ್ಲರನ್ನೂ ಸುರಿಯುವ ಡೈರೆಕ್ಟರಿ ರೋಗಿಗೆ ಮೋಸ ಮಾಡಿದಂತೆಯೇ ಸರಿ. ಪದ್ಧತಿಯ ಹೆಸರು ಮೊದಲ ಸಾಲಿನಲ್ಲೇ ಕಾಣಬೇಕು.

ಜಾಹೀರಾತಿನ ಗೆರೆ

2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ವೈದ್ಯರಿಗೆ ನಿಷೇಧಿಸುತ್ತವೆ. ಆದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು 7 ಸಂದರ್ಭಗಳಲ್ಲಿ ಅವಕಾಶವಿದೆ: ವೃತ್ತಿ ಆರಂಭ, ವೃತ್ತಿಯ ಬಗೆಯಲ್ಲಿ ಬದಲಾವಣೆ, ವಿಳಾಸ ಬದಲಾವಣೆ, ತಾತ್ಕಾಲಿಕ ಗೈರು, ಮತ್ತೆ ವೃತ್ತಿಗೆ ಬಂದದ್ದು, ಇನ್ನೊಬ್ಬರ ವೃತ್ತಿ ವಹಿಸಿಕೊಂಡದ್ದು, ಶುಲ್ಕದ ಘೋಷಣೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ, ಒಳ್ಳೆಯ ಡೈರೆಕ್ಟರಿ ದಿನವೂ ಸರಿಪಡಿಸಬೇಕಾದ ವಿವರಗಳು ಇವೇ ಎಂದು ಕಾಣುತ್ತದೆ. ನಿಯಮ ಬರೆದವರ ಕಣ್ಣೆದುರು ದಿನಪತ್ರಿಕೆಯಿತ್ತು; ಆನ್‌ಲೈನ್ ಪಟ್ಟಿಗೂ ಅದೇ ಚೌಕಟ್ಟು ಸಾಕು. "ನಂಬರ್ 1", "ಅತ್ಯುತ್ತಮ", "ಖಚಿತ ಗುಣ" ಎಂಬ ಮಾತುಗಳು ಗೆರೆಯಾಚೆಗಿನವು.

- ವಿಶೇಷ ಅರ್ಹತೆ ಇಲ್ಲದೆ ತಜ್ಞರೆಂದು ಹೇಳಿಕೊಳ್ಳುವಂತಿಲ್ಲ.
- ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲೂ ಚೀಟಿಯಲ್ಲೂ ತೋರಿಸಬೇಕು.
- ಔಷಧ ಅಂಗಡಿಯಲ್ಲಿ, ತಾವು ವಾಸಿಸದ ಅಥವಾ ಕೆಲಸ ಮಾಡದ ಜಾಗದಲ್ಲಿ ಬೋರ್ಡು ಹಾಕುವುದು ಅನುಚಿತ.
- ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದೂ ಪಡೆಯುವುದೂ ನಿಷಿದ್ಧ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಡವಳಿಕೆ ನಿಯಮ ಹೊರಡಿಸಿ, ಅದೇ ತಿಂಗಳ 23ರಂದು ತಡೆಹಿಡಿಯಿತು. 2002ರ ನಿಯಮಗಳೇ ಮತ್ತೆ ಜಾರಿಗೆ ಬಂದವು. ಇವು ವೈದ್ಯರನ್ನು ಕಟ್ಟುತ್ತವೆ, ಜಾಲತಾಣವನ್ನಲ್ಲ. ಆದರೆ ತಾಣದವರು ಅತ್ಯುತ್ಸಾಹದಿಂದ ಬರೆದ ಒಂದು ಸಾಲಿಗೆ ಪರಿಷತ್ತಿನ ಮುಂದೆ ಉತ್ತರ ಹೇಳಬೇಕಾದವರು ವೈದ್ಯರು.

ಇನ್ನೆರಡು ಕಾಯ್ದೆಗಳನ್ನು ಬಿಡಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಒಂದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ 22ನೇ ಸೆಕ್ಷನ್ ಇನ್ನೊಂದು. ಸಾಬು ಮ್ಯಾಥ್ಯೂ ಜಾರ್ಜ್ ಪ್ರಕರಣದಲ್ಲಿ (2017) ಗೂಗಲ್, ಮೈಕ್ರೊಸಾಫ್ಟ್, ಯಾಹೂಗಳೇ ಇಂಥ ಜಾಹೀರಾತಿಗಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಸ್ಕ್ಯಾನಿಂಗ್ ಕೇಂದ್ರಗಳನ್ನು ಪಟ್ಟಿ ಮಾಡುವ ಸಣ್ಣ ತಾಣಕ್ಕೂ ಶೋಧದಲ್ಲಿ ಸೋಸುವ ವ್ಯವಸ್ಥೆ ಬೇಕು.

ಬೆಂಗಳೂರಿನದೇ ಉದಾಹರಣೆ: ಪ್ರಾಕ್ಟೊ

ಸುರತ್ಕಲ್‌ನ ಎನ್‌ಐಟಿಕೆ ವಿದ್ಯಾರ್ಥಿಗಳಾದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ 2008ರಲ್ಲಿ ಆರಂಭಿಸಿದ ಸಂಸ್ಥೆ. ತಂದೆಯ ಮಂಡಿ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಹೊರಟಾಗ ದಾಖಲೆಗಳು ಡಿಜಿಟಲ್ ರೂಪದಲ್ಲಿ ಸಿಗಲಿಲ್ಲ, ಅಲ್ಲಿಂದ ಯೋಚನೆ ಹುಟ್ಟಿತು ಎಂದು ಶಶಾಂಕ್ ಹೇಳಿಕೊಂಡಿದ್ದಾರೆ. 2015ರಲ್ಲಿ ಚೀನಾದ ಟೆನ್ಸೆಂಟ್ ಮುಂದಾಳತ್ವದಲ್ಲಿ 9 ಕೋಟಿ ಡಾಲರ್ ಬಂಡವಾಳ ಬಂತು. ಅದೇ ವರ್ಷ ಬೆಂಗಳೂರಿನ ಕ್ವಿಕ್‌ವೆಲ್ ಸಂಸ್ಥೆಯನ್ನು ಪ್ರಾಕ್ಟೊ ಕೊಂಡಿತು.

ಪ್ರಾಕ್ಟೊ ಮೊದಲು ಮಾಡಿದ್ದು ಡೈರೆಕ್ಟರಿಯನ್ನಲ್ಲ. ಕ್ಲಿನಿಕ್‌ನೊಳಗಿನ ಅಪಾಯಿಂಟ್‌ಮೆಂಟ್, ಬಿಲ್, ದಾಖಲೆ ನೋಡಿಕೊಳ್ಳುವ "ರೇ" ಎಂಬ ತಂತ್ರಾಂಶವನ್ನು ವೈದ್ಯರಿಗೆ ಮಾರಿತು. ರೋಗಿಗಳ ಹುಡುಕಾಟದ ತಾಣ ಅದರ ನಂತರದ್ದು. ವೈದ್ಯರಿಲ್ಲದೆ ರೋಗಿ ಬರುವುದಿಲ್ಲ, ರೋಗಿ ಬಾರದೆ ವೈದ್ಯರು ಸೇರುವುದಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಈ ಬಿಕ್ಕಟ್ಟನ್ನು ಬಿಡಿಸಲು ಅದು ಒಂದು ದಾರಿ. ವೈದ್ಯರ ದಿನದ ಕೆಲಸಕ್ಕೇ ನೆರವಾಗುವ ಉಪಕರಣ ಕೊಟ್ಟರೆ, ಇಂದು ಯಾವ ಹೊತ್ತು ಖಾಲಿ ಇದೆ ಎಂಬ ಮಾಹಿತಿ ತಾನಾಗಿ ತಾಜಾ ಇರುತ್ತದೆ.

ಆದರೆ ಈ ದಾರಿ ಕಂಪ್ಯೂಟರ್ ಇಟ್ಟುಕೊಂಡ ಕ್ಲಿನಿಕ್‌ಗೆ ಸರಿ. ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಟೋಕನ್ ಕೊಡುವ ಕ್ಲಿನಿಕ್‌ಗೆ ಬೇರೆ ಉಪಾಯ ಬೇಕು. ಕಡಿಮೆ ಫೀಸಿಗೆ ಹೆಚ್ಚು ಜನರನ್ನು ನೋಡುವವರು ಹೆಚ್ಚಾಗಿ ಅಂಥ ವೈದ್ಯರೇ.

ಒಂದು ನಮೂದನ್ನು ಹತ್ತಿರದಿಂದ

ಹಲಸೂರಿನ ಒಂದು ಬೀದಿಯಲ್ಲಿ ಕೆಳಗೆ ಔಷಧ ಅಂಗಡಿ, ಮೇಲೆ ಮಕ್ಕಳ ಕ್ಲಿನಿಕ್ ಎಂದಿಟ್ಟುಕೊಳ್ಳಿ. ಮಾಹಿತಿ ತರಲು ಹೋದವರು ನೋಡಬೇಕಾದದ್ದು ಇಷ್ಟು.

ಬೋರ್ಡಿನಲ್ಲಿ "ಎಂಬಿಬಿಎಸ್, ಡಿಸಿಎಚ್" ಎಂದಿದೆ. ಡಿಸಿಎಚ್ ಮಕ್ಕಳ ಆರೋಗ್ಯದ ಡಿಪ್ಲೊಮಾ. ಪರಿಷತ್ತಿನ ದಾಖಲೆಯಲ್ಲಿ ಹೆಚ್ಚುವರಿ ಅರ್ಹತೆಯಾಗಿ ಸೇರಿದೆಯೇ? ಬೋರ್ಡಿನ ಕ್ಲಿನಿಕ್ ಹೆಸರು, ಕೆಪಿಎಂಇ ಪತ್ರದ ಹೆಸರು, ಗೂಗಲ್ ನಕ್ಷೆಯ ಹೆಸರು ಒಂದೇ ಆಗಿವೆಯೇ? ಪತ್ರದ ಅವಧಿ ಯಾವಾಗ ಮುಗಿಯುತ್ತದೆ? "ಬೆಳಿಗ್ಗೆ 10ರಿಂದ 1, ಸಂಜೆ 6ರಿಂದ 9" ಎಂಬ ಬರಹದ ಕೆಳಗೆ ಕಂಪೌಂಡರ್ ಹೇಳುವ ಮಾತೇ ಬೇರೆ: "ಡಾಕ್ಟ್ರು ಬರೋದು ಏಳರ ಮೇಲೇನೇ, ಫೋನ್ ಮಾಡ್ಕೊಂಡು ಬನ್ನಿ." ಅದೇ ವೈದ್ಯರು ವಾರದಲ್ಲಿ 2 ದಿನ ಕೆ.ಆರ್. ಪುರದ ಪಾಲಿಕ್ಲಿನಿಕ್‌ನಲ್ಲೂ ಕೂರುತ್ತಾರೆ. ಡೈರೆಕ್ಟರಿಯಲ್ಲಿ ಅವರು 2 ಸಲ ಬರಬೇಕು, ಆದರೆ 2 ಜನ ವೈದ್ಯರಾಗಿ ಬರಬಾರದು. ಶಿವಾಜಿನಗರದ ಕಡೆ ಶುಕ್ರವಾರ ಮಧ್ಯಾಹ್ನ ಮುಚ್ಚುವ ಕ್ಲಿನಿಕ್‌ಗಳಿವೆ, ರಂಜಾನ್ ತಿಂಗಳಲ್ಲಿ ಸಂಜೆಯ ವೇಳೆ ಬದಲಾಗುವುದೂ ಇದೆ.

ಆದ್ದರಿಂದ ದತ್ತಾಂಶದ ವಿನ್ಯಾಸದಲ್ಲಿ ವೈದ್ಯರು, ಜಾಗ, ವೇಳೆ ಮೂರೂ ಪ್ರತ್ಯೇಕ ಕೋಷ್ಟಕಗಳಾಗಬೇಕು. ವೈದ್ಯರ ಗುರುತು ಪರಿಷತ್ತಿನ ಸಂಖ್ಯೆ, ಜಾಗದ ಗುರುತು ಕೆಪಿಎಂಇ ಸಂಖ್ಯೆ. ಫೋನ್ ನಂಬರನ್ನು ಗುರುತಾಗಿ ಬಳಸಬಾರದು, ಅದು ಬದಲಾಗುತ್ತದೆ. ಪ್ರತಿ ನಮೂದಿನ ಕೆಳಗೆ "ಕೊನೆಯ ಬಾರಿ ಖಚಿತಪಡಿಸಿದ ದಿನ" ಕಾಣಬೇಕು. ಡೈರೆಕ್ಟರಿ ಮಾಡುವವರು ಇದೊಂದನ್ನು ಮಾತ್ರ ಮಾಡುವುದಾದರೂ ನಾನು ಅವರ ಪರ ವಾದಿಸುತ್ತೇನೆ. ರೋಗಿ ಆ ದಿನಾಂಕ ನೋಡಿ ತಾನೇ ನಿರ್ಧರಿಸಬಲ್ಲ.

ಎಷ್ಟು ದಿನಕ್ಕೊಮ್ಮೆ ಖಚಿತಪಡಿಸಬೇಕು? ಅಮೆರಿಕದಲ್ಲಿ 2022ರಿಂದ ಜಾರಿಯಾದ ನೋ ಸರ್ಪ್ರೈಸಸ್ ಕಾಯ್ದೆ ಆರೋಗ್ಯ ವಿಮಾ ಯೋಜನೆಗಳ ವೈದ್ಯರ ಪಟ್ಟಿಯನ್ನು 90 ದಿನಕ್ಕೊಮ್ಮೆಯಾದರೂ ಪರಿಶೀಲಿಸಬೇಕೆನ್ನುತ್ತದೆ. ನಮ್ಮ ಕೆಪಿಎಂಇ ಪತ್ರ 5 ವರ್ಷ ನಡೆಯುತ್ತದೆ. ಆ 5 ವರ್ಷದ ನಡುವೆ ಕ್ಲಿನಿಕ್ ಸ್ಥಳ ಬದಲಿಸಬಹುದು, ವೈದ್ಯರು ಬಿಟ್ಟುಹೋಗಬಹುದು. ನೋಂದಣಿ ಪಟ್ಟಿಯೊಂದನ್ನೇ ನಕಲು ಮಾಡಿ ಡೈರೆಕ್ಟರಿ ಎಂದು ಕರೆಯಲಾಗದು.

ಅಂಕ ಮತ್ತು ಅಭಿಪ್ರಾಯ

ರೋಗಿಯ ಅಭಿಪ್ರಾಯಕ್ಕೆ ಬೆಲೆ ಇದೆ. ಭಾರತೀಯ ವೈದ್ಯಕೀಯ ಸಂಘ ವಿರುದ್ಧ ವಿ.ಪಿ. ಶಾಂತಾ ತೀರ್ಪು (1995) ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿದೆ. ಆದರೆ ಹೋಟೆಲಿಗೆ ನಕ್ಷತ್ರ ಕೊಡುವ ಕ್ರಮವನ್ನೇ ಕ್ಲಿನಿಕ್‌ಗೆ ತಂದರೆ ಅನ್ಯಾಯವಾಗುತ್ತದೆ. "ಆ್ಯಂಟಿಬಯೋಟಿಕ್ ಬರೆಯಲಿಲ್ಲ, 1 ನಕ್ಷತ್ರ" ಎಂಬ ದೂರಿನಲ್ಲಿ ವೈದ್ಯರು ಸರಿಯಾಗಿಯೇ ನಡೆದುಕೊಂಡಿರಬಹುದು. ಅವರು ಬಹಿರಂಗವಾಗಿ ಸಮರ್ಥಿಸಿಕೊಳ್ಳಲೂ ಆಗದು: ರೋಗಿಯ ಗುಟ್ಟು ಕಾಯಬೇಕೆಂದು 2002ರ ನಿಯಮ ಕಟ್ಟಿಹಾಕಿದೆ. ಒಬ್ಬರ ಬಾಯಿ ತೆರೆದು ಇನ್ನೊಬ್ಬರ ಬಾಯಿ ಕಟ್ಟಿದ ಈ ಸ್ಥಿತಿಯೇ ಸಣ್ಣ ಕ್ಲಿನಿಕ್‌ಗಳ ದೊಡ್ಡ ಅಳುಕು.

- ಆನ್‌ಲೈನ್ ಅಭಿಪ್ರಾಯಗಳಿಗೆ ಬಿಐಎಸ್ ಮಾನದಂಡ: ಐಎಸ್ 19000:2022. ಕಡ್ಡಾಯವಲ್ಲದ ಮಾನದಂಡವಾಗಿ ಬಂತು.
- ಐಟಿ ಕಾಯ್ದೆ 2000ರ 79ನೇ ಸೆಕ್ಷನ್ ಮಧ್ಯವರ್ತಿ ತಾಣಕ್ಕೆ ರಕ್ಷಣೆ ಕೊಡುತ್ತದೆ. ಶ್ರೇಯಾ ಸಿಂಘಾಲ್ ತೀರ್ಪು (2015) ಇದರ ವ್ಯಾಖ್ಯೆಗೆ ಮುಖ್ಯ.
- 2021ರ ಐಟಿ ನಿಯಮಗಳು: ಕುಂದುಕೊರತೆ ಅಧಿಕಾರಿ ಬೇಕು, ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ, ನಿಗದಿತ ಗಡುವಿನೊಳಗೆ ಇತ್ಯರ್ಥ (2021ರಲ್ಲಿ ಪ್ರಕಟವಾದಾಗ 15 ದಿನ).
- ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ (2024ರ ಜುಲೈ 1ರಿಂದ).

ಪಾರಾಗುವ ದಾರಿಯಿದೆ. ಚಿಕಿತ್ಸೆಗೆ ಅಂಕ ಕೊಡಿಸದೆ ಪರಿಶೀಲಿಸಬಹುದಾದ ಸಂಗತಿಗಳನ್ನು ಮಾತ್ರ ಕೇಳುವುದು: ಹೇಳಿದ ಹೊತ್ತಿಗೆ ಕ್ಲಿನಿಕ್ ತೆರೆದಿತ್ತೇ, ಫೀಸಿನ ಪಟ್ಟಿ ಕಂಡಿತೇ, ಬಿಲ್ ಕೊಟ್ಟರೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ. "ಅವರ ಕೈಗುಣ ಚೆನ್ನಾಗಿದೆ" ಎಂಬ ಮಾತನ್ನು ಅಕ್ಕಪಕ್ಕದ ಮನೆಯವರು ಹೇಳಿಕೊಳ್ಳಲಿ, ತಾಣ ಅದಕ್ಕೆ ಸಂಖ್ಯೆ ಕೊಡಬೇಕಿಲ್ಲ.

ಖಾಸಗಿತನ

ಖಾಸಗಿತನ ಮೂಲಭೂತ ಹಕ್ಕು ಎಂದ 9 ನ್ಯಾಯಮೂರ್ತಿಗಳ ತೀರ್ಪು 2017ರ ಆಗಸ್ಟ್ 24ರದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಂತರ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಬಾಧ್ಯತೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ. ಗರಿಷ್ಠ ದಂಡ 250 ಕೋಟಿ ರೂಪಾಯಿ. 18 ವರ್ಷದೊಳಗಿನವರೆಲ್ಲ ಈ ಕಾಯ್ದೆಯಲ್ಲಿ ಮಕ್ಕಳು.

ಬುಕಿಂಗ್ ಇಲ್ಲದ ಬರಿಯ ಪಟ್ಟಿಗೆ ಅಪಾಯ ಕಡಿಮೆ. ಬುಕಿಂಗ್ ಸೇರಿದೊಡನೆ ಚಿತ್ರ ಬದಲಾಗುತ್ತದೆ, ಯಾಕೆಂದರೆ ವೈದ್ಯರ ವಿಭಾಗವೇ ಕಾಯಿಲೆಯನ್ನು ಹೇಳಿಬಿಡುತ್ತದೆ. ಮನೋವೈದ್ಯರು, ಬಂಜೆತನ ಚಿಕಿತ್ಸೆ, ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೆ ಕಾದಿರಿಸಿದ ಹೆಸರು ಎಸ್‌ಎಂಎಸ್‌ನಲ್ಲಿ ಪೂರ್ತಿ ಬಂದರೆ, ಒಂದೇ ಫೋನ್ ಹಂಚಿಕೊಳ್ಳುವ ಮನೆಯಲ್ಲಿ ಗುಟ್ಟು ಉಳಿಯದು. ಮಾನಸಿಕ ಆರೋಗ್ಯ ಕಾಯ್ದೆ 2017, ಎಚ್‌ಐವಿ-ಏಡ್ಸ್ ಕಾಯ್ದೆ 2017 ಎರಡೂ ಗೋಪ್ಯತೆಯನ್ನು ಪ್ರತ್ಯೇಕವಾಗಿ ಹೇಳಿವೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯೂ ಹೆಣ್ಣಿನ ಗುರುತನ್ನು ಕಾಯುತ್ತದೆ. ಸೈಬರ್ ಘಟನೆ ನಡೆದರೆ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು (2022ರ ಏಪ್ರಿಲ್ ನಿರ್ದೇಶನ).

ಹಣ ಎಲ್ಲಿಂದ?

ವೈದ್ಯರು ಹಣ ಕೊಟ್ಟರೆ ಹೆಸರು ಮೇಲಕ್ಕೆ ಬರುವ ಪದ್ಧತಿ ಸುಲಭದ ಆದಾಯ. ಪಟ್ಟಿಯ ನಂಬಿಕೆ ಕೆಡುವುದೂ ಅಲ್ಲೇ. ರೋಗಿಯೊಬ್ಬನಿಗೆ ಇಷ್ಟು ಎಂದು ವಸೂಲು ಮಾಡಿದರೆ ಕಮಿಷನ್ ನಿಷೇಧದ ನಿಯಮಕ್ಕೆ ಸಮೀಪ ಹೋಗುತ್ತದೆ. ವರ್ಷಕ್ಕೆ ಎಲ್ಲರಿಗೂ ಒಂದೇ ಚಂದಾ ಇಡುವುದು ಇದ್ದುದರಲ್ಲಿ ಸ್ವಚ್ಛ. ಆದರೆ ಅದಕ್ಕೂ ಒಂದು ಗಂಟಿದೆ: ಕ್ಲಿನಿಕ್‌ನ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ, ಡೈರೆಕ್ಟರಿಯ ಚಂದಾಕ್ಕೆ 18% ಜಿಎಸ್‌ಟಿ ಬೀಳುತ್ತದೆ. ತನ್ನ ಸೇವೆಯೇ ವಿನಾಯಿತಿಯದ್ದಾದ ಕಾರಣ ಕ್ಲಿನಿಕ್ ಆ ತೆರಿಗೆಯನ್ನು ಹೊಂದಿಸಿಕೊಳ್ಳಲಾಗದು, ಪೂರ್ತಿ ಖರ್ಚು. ಸಣ್ಣ ಫೀಸಿನ ವೈದ್ಯರಿಗೆ ಇದು ಭಾರವೇ. ಆದ್ದರಿಂದ ಮೂಲ ನಮೂದು ಎಲ್ಲರಿಗೂ ಉಚಿತವಿರಬೇಕು, ಹಣ ಕೊಟ್ಟ ಜಾಗಕ್ಕೆ "ಜಾಹೀರಾತು" ಎಂದು ಎದ್ದು ಕಾಣುವಂತೆ ಬರೆಯಬೇಕು.

ಭಾಷೆ

ಶಿವಾಜಿನಗರದಲ್ಲಿ ಉರ್ದು, ತಮಿಳು, ಕನ್ನಡ, ಹಲಸೂರಿನಲ್ಲಿ ತಮಿಳು, ಕನ್ನಡ, ಕೆ.ಆರ್. ಪುರದಲ್ಲಿ ಕನ್ನಡ, ತೆಲುಗು, ಹಿಂದಿ. ವೈದ್ಯರು ಯಾವ ಭಾಷೆ ಮಾತಾಡುತ್ತಾರೆ ಎಂಬುದು ವಯಸ್ಸಾದ ರೋಗಿಗೆ ಪದವಿಯಷ್ಟೇ ಮುಖ್ಯವಾದ ವಿವರ. ಹುಡುಕುವವರು "ಎಂಡೋಕ್ರಿನಾಲಜಿಸ್ಟ್" ಎಂದು ಟೈಪ್ ಮಾಡುವುದಿಲ್ಲ. "ಶುಗರ್ ಡಾಕ್ಟರು", "ಮೂಳೆ ಡಾಕ್ಟರು", "ಮಕ್ಕಳ ಡಾಕ್ಟರು" ಎನ್ನುತ್ತಾರೆ. ಈ ಮಾತುಗಳು ಸರಿಯಾದ ವಿಭಾಗಕ್ಕೆ ಕರೆದೊಯ್ಯಬೇಕು. ಬೋರ್ಡುಗಳಲ್ಲಿ 60% ಕನ್ನಡ ಇರಬೇಕೆಂಬ ನಿಯಮ 2024ರ ತಿದ್ದುಪಡಿಯಿಂದ ಬಲಗೊಂಡಿದೆ. ಹಾಗಾಗಿ ಬೋರ್ಡು ನೋಡಿಯೇ ಕನ್ನಡ ಹೆಸರನ್ನು ಬರೆದುಕೊಳ್ಳಬಹುದು, ಇಂಗ್ಲಿಷಿನಿಂದ ಯಂತ್ರದಲ್ಲಿ ತಿರುಗಿಸುವ ಅಗತ್ಯವಿಲ್ಲ.

ಗೊಂದಲ ಬೇಡ

- ಎಚ್‌ಎಫ್‌ಆರ್ ಆರೋಗ್ಯ ಸಂಸ್ಥೆಗಳ ರಾಷ್ಟ್ರೀಯ ದಾಖಲೆ. ಎಚ್‌ಪಿಆರ್ ವೃತ್ತಿಪರರ ದಾಖಲೆ. ಎರಡೂ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನವು (2021ರ ಸೆಪ್ಟೆಂಬರ್ 27).
- ಆಭಾ ಸಂಖ್ಯೆ ರೋಗಿಯದು, 14 ಅಂಕಿ. ಅದು ಕ್ಲಿನಿಕ್‌ನ ಗುರುತಲ್ಲ.
- ಟೆಲಿಮೆಡಿಸಿನ್ ಮಾರ್ಗಸೂಚಿ: 2020ರ ಮಾರ್ಚ್ 25. ವೇದಿಕೆಯಲ್ಲಿರುವ ವೈದ್ಯರು ನೋಂದಾಯಿತರೇ ಎಂದು ಪರಿಶೀಲಿಸುವ ಹೊಣೆ ವೇದಿಕೆಯದೇ. ಕೃತಕ ಬುದ್ಧಿಮತ್ತೆ ತಾನಾಗಿ ಔಷಧ ಬರೆದುಕೊಡುವಂತಿಲ್ಲ.
- ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ 2019ರದು; ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಆಯೋಗ ಬಂದದ್ದು 2020ರ ಸೆಪ್ಟೆಂಬರ್ 25ರಂದು. ಪರಿಷತ್ತು ಹೋದರೂ ಅದರ 2002ರ ನಡವಳಿಕೆ ನಿಯಮ ಉಳಿದಿದೆ.
- ಜೀವವೈದ್ಯಕೀಯ ತ್ಯಾಜ್ಯ ನಿಯಮಗಳು 2016ರವು, ಸಣ್ಣ ಕ್ಲಿನಿಕ್‌ಗೂ ಅನ್ವಯ. ಕೆಪಿಎಂಇ ಪತ್ರ ತಡವಾಗುವ ಕ್ಲಿನಿಕ್‌ಗಳನ್ನು ವಿಚಾರಿಸುವಾಗ ಈ ತ್ಯಾಜ್ಯ ನಿಯಮಗಳಡಿಯ ಅನುಮತಿ ಇದೆಯೇ ಎಂದೂ ಕೇಳಬೇಕು.